ಬಾಲವಿಲ್ಲದ ವಿಮಾನಕ್ಕೆ ಓರೆ ಫಿನ್

ಮಲ್ಪೆ ಬಂದರಿನ ಮೇಲೆ ಸುತ್ತುವ ಗರುಡಗಳನ್ನು ಗಮನಿಸಿ. ಯಾವುದಕ್ಕೂ ನೆಟ್ಟಗೆ ನಿಂತ ಬಾಲವಿಲ್ಲ. ಗಾಳಿ ಎಷ್ಟೇ ಎಳೆದಾಡಿದರೂ ಹಕ್ಕಿ ಕ್ಷಣಕ್ಷಣಕ್ಕೂ ರೆಕ್ಕೆ, ಬಾಲ ತಿರುಚಿ ದಾರಿ ಸರಿಮಾಡಿಕೊಳ್ಳುತ್ತದೆ. ಥರ್ಮಾಕೋಲಿನ ವಿಮಾನಕ್ಕೆ ಆ ಜಾಣತನ ಎಲ್ಲಿಂದ ಬರಬೇಕು? ಅದಕ್ಕೇ ಫಿನ್, ಅಂದರೆ ಮೀನಿನ ರೆಕ್ಕೆಯ ಹಾಗೆ ನಿಲ್ಲಿಸಿದ ಚಪ್ಪಟೆ ಹಲಗೆ, ಬೇಕು.

ರಿಮೋಟ್‌ನಲ್ಲಿ ಹಾರುವ ಫ್ಲೈಯಿಂಗ್ ವಿಂಗ್ ಅಂದರೆ ಬರೀ ರೆಕ್ಕೆ. ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಎರಡು ಪಟ್ಟಿಗಳೇ (ಎಲಿವಾನ್) ಅದನ್ನು ಏರಿಸಬೇಕು, ಇಳಿಸಬೇಕು, ವಾಲಿಸಬೇಕು. ರೆಕ್ಕೆ ಹಿಂದಕ್ಕೆ ಬಾಗಿದ್ದರೆ ತುದಿಗಳು ಗುರುತ್ವ ಕೇಂದ್ರಕ್ಕಿಂತ ಸಾಕಷ್ಟು ಹಿಂದೆ ಇರುತ್ತವೆ. ಅಲ್ಲಿ ನಿಲ್ಲಿಸಿದ ಫಿನ್, ಬಾಣದ ಗರಿಯ ಹಾಗೆ, ಮೂತಿ ಅಡ್ಡ ತಿರುಗದಂತೆ ಹಿಡಿಯುತ್ತದೆ. ಬಾಗದ ನೇರ ರೆಕ್ಕೆಗಾದರೆ ತುದಿಯ ಫಿನ್ ಅಷ್ಟು ಪ್ರಯೋಜನವಿಲ್ಲ. ನಡುವಿನಿಂದ ಹಿಂದಕ್ಕೆ ಚಾಚಿದ ಒಂದೇ ಫಿನ್ ವಾಸಿ.

ಬಜ್ಪೆಗೆ ಇಳಿಯುವ ಜೆಟ್‌ಗಳ ರೆಕ್ಕೆತುದಿ ಮೇಲಕ್ಕೆ ಬಾಗಿರುವುದನ್ನು ನೋಡಿರುತ್ತೀರಿ, ಅಲ್ವಾ? ರೆಕ್ಕೆಯ ಕೆಳಗೆ ಒತ್ತಡ ಜಾಸ್ತಿ, ಮೇಲೆ ಕಮ್ಮಿ. ತುದಿಯಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಸುತ್ತಿ ಸುಳಿ ಏಳುತ್ತದೆ. ಅದು ಸುಮ್ನೆ ಇಂಧನ ತಿನ್ನುವ ಸುಳಿ. ಅದನ್ನು ಪಳಗಿಸುವ ಆ ಬಾಗಿದ ತುದಿಗೆ, ಅಂದರೆ ವಿಂಗ್‌ಲೆಟ್‌ಗೆ, 1970ರ ದಶಕದಲ್ಲಿ ಸರಿಯಾದ ರೂಪ ಕೊಟ್ಟವರು ನಾಸಾದ ರಿಚರ್ಡ್ ವಿಟ್‌ಕಾಂಬ್. ನಮ್ಮ ಚಪ್ಪಟೆ ಫಿನ್‌ನಿಂದ ಆ ಉಳಿತಾಯವನ್ನು ಜಾಸ್ತಿ ನಿರೀಕ್ಷಿಸಬಾರದು. ಅದರ ಮುಖ್ಯ ಕೆಲಸ ದಿಕ್ಕು ಕಾಯುವುದು.

ಹಾಗಾದರೆ ಓರೆ ಯಾಕೆ? ಹೊರಕ್ಕೆ ವಾಲಿದ ಫಿನ್ ಸ್ವಲ್ಪ ಮಟ್ಟಿಗೆ ರೆಕ್ಕೆಯೂ ಹೌದು. ವಿಮಾನ ಬದಿಗೆ ಜಾರಿದಾಗ, ಜಾರಿದ ಕಡೆಯ ಫಿನ್ ಮೇಲಕ್ಕೆ ಎತ್ತಿ ರೆಕ್ಕೆಯನ್ನು ಮಟ್ಟಕ್ಕೆ ತರಲು ನೋಡುತ್ತದೆ. ಆದರೆ ವಾಲಿಸಿದಷ್ಟೂ ದಿಕ್ಕು ಕಾಯುವ ಬಲ ಕುಗ್ಗುತ್ತದೆ. ಲೆಕ್ಕದ ಪ್ರಕಾರ 15 ಡಿಗ್ರಿಗೆ ಸುಮಾರು ಶೇ. 7, 30ಕ್ಕೆ ಶೇ. 25, 45ಕ್ಕೆ ಅರ್ಧಕ್ಕರ್ಧ. ನಾನು 15ರ ಆಚೆ ಹೋಗುವುದಿಲ್ಲ. ಅದಕ್ಕಿಂತ ಮುಖ್ಯ, ಎರಡೂ ಕಡೆ ಓರೆ ಒಂದೇ ಇರಬೇಕು.

ಫಿನ್‌ಗೆ ಬೋರ್ಡ್ ಬರೆಯುವವರ ಹತ್ತಿರ ಸಿಗುವ ಸನ್‌ಪ್ಯಾಕ್ ಎಂಬ ಪ್ಲಾಸ್ಟಿಕ್ ಶೀಟ್ ಒಳ್ಳೆಯದು. ಅದರೊಳಗೆ ಸಾಲು ಕೊಳವೆಗಳಿವೆ. ಅವು ಫಿನ್‌ನ ಬುಡದಿಂದ ತಲೆಯ ಕಡೆಗೆ ಹೋಗುವಂತೆ ಕತ್ತರಿಸಿ. ಅಡ್ಡಕ್ಕೆ ಹೋದರೆ ಗಾಳಿಗೆ ಫಿನ್ ಬೇಗ ಬಾಗುತ್ತದೆ. ಫಿನ್ ಅನ್ನು ಬಗ್ಗಿಸಿ ಓರೆ ತರಬೇಡಿ, ರೆಕ್ಕೆಯ ತುದಿಯನ್ನೇ ಓರೆಯಾಗಿ ಉಜ್ಜಿ. ತುದಿಯ ದಪ್ಪ 20 ಮಿ.ಮೀ. ಇದ್ದರೆ, 15 ಡಿಗ್ರಿ ಓರೆಗೆ ಮೇಲಿನ ಅಂಚಿಗಿಂತ ಕೆಳಗಿನ ಅಂಚು 5 ಮಿ.ಮೀ.ಗಿಂತ ಚೂರು ಜಾಸ್ತಿ ಒಳಗೆ ಬರಬೇಕು. ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ, ಇನ್ನೊಂದು ತುದಿಗೆ ಅದನ್ನೇ ಮಗುಚಿ ಹಿಡಿದರೆ ಎರಡೂ ಓರೆ ಕನ್ನಡಿಯಲ್ಲಿ ಕಂಡಂತೆ ಹೊಂದುತ್ತವೆ.

ಅಂಟಿಸುವುದೇ ತಲೆನೋವು. ಮಾಮೂಲಿ ಸೂಪರ್ ಗ್ಲೂ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಸನ್‌ಪ್ಯಾಕ್‌ಗೆ ಅಂಟು ಸುಲಭಕ್ಕೆ ಹಿಡಿಯುವುದೂ ಇಲ್ಲ. ಆ ಜಾಗವನ್ನು ಮರಳು ಕಾಗದದಿಂದ ಒರಟು ಮಾಡಿ, ಸಣ್ಣ ತೂತು ಕೊರೆದು, ಎಪಾಕ್ಸಿ ತೂತಿನೊಳಗೂ ಹೋಗುವಂತೆ ಒತ್ತಿ. ಹಾಟ್ ಗ್ಲೂ ನಮ್ಮ ಕರಾವಳಿಯ ಬಿಸಿಲಿಗೆ, ಅದರಲ್ಲೂ ಕಾರಿನೊಳಗೆ, ಮೆದುವಾಗುತ್ತದೆ.

ಅಂಟು ಒಣಗುವ ಮೊದಲು ಮೂತಿಯಿಂದ ಎರಡೂ ಫಿನ್‌ಗಳ ತಲೆಗೆ ನೂಲು ಹಿಡಿದು ಅಳೆಯಿರಿ. ಮೇಲಿನಿಂದ ನೋಡಿದಾಗ ಫಿನ್ ಹಾರುವ ದಿಕ್ಕಿಗೆ ನೇರ ಇರಬೇಕು. ಒಂದು ತುಸು ತಿರುಗಿದರೂ ವಿಮಾನ ಒಂದೇ ಕಡೆಗೆ ಎಳೆಯುತ್ತದೆ. ಮೊದಲ ಹಾರಾಟಕ್ಕೆ ಬೆಳಿಗ್ಗೆ ಒಳ್ಳೆಯದು, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ. ವಿಮಾನ ನಿಲ್ದಾಣದ ಹತ್ತಿರ ಬೇಡವೇ ಬೇಡ. ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಜಾಗ ಆರಿಸಿ. ಹಾರುವಾಗ ಮೂತಿ ಎಡಬಲ ತೂಗಾಡಿದರೆ ಮೊದಲು ಗುರುತ್ವ ಕೇಂದ್ರ ಸರಿ ಇದೆಯಾ ನೋಡಿ. ಅದು ಸರಿಯಿದ್ದೂ ತೂಗಾಡಿದರೆ ಫಿನ್ ಇನ್ನೂ ದೊಡ್ಡದು ಮಾಡಿ, ಓರೆ ಕಮ್ಮಿ ಮಾಡಿ.