ಎಲ್ 70: ಸ್ಟ್ರಿಪ್ ಲೈಟಿನ ಆಯಸ್ಸು ಅಂದರೆ ಏನು?

ಎಲ್‌ಇಡಿ ಸ್ಟ್ರಿಪ್ ಅಂದರೆ ಸಣ್ಣ ಎಲ್‌ಇಡಿಗಳನ್ನು ಸಾಲಾಗಿ ಕೂರಿಸಿದ ಪಟ್ಟಿ. ಅದರ ಡಬ್ಬಿ ಮೇಲೆ 50,000 ಗಂಟೆ ಅಂತ ದೊಡ್ಡದಾಗಿ ಬರೆದಿರುತ್ತದೆ. ಅಷ್ಟು ಗಂಟೆ ಉರಿದ ಮೇಲೆ ಲೈಟ್ ಹೋಗಿಬಿಡುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಹೊಸದರಲ್ಲಿ ಅದು ಕೊಡುವ ಬೆಳಕನ್ನು 100 ಅಂತ ಇಟ್ಟುಕೊಳ್ಳಿ. ಆ ಬೆಳಕು 70ಕ್ಕೆ ಇಳಿಯಲು ಎಷ್ಟು ಗಂಟೆ ಬೇಕೋ ಅದೇ ಎಲ್ 70. ಆಮೇಲೂ ಲೈಟ್ ಉರಿಯುತ್ತಲೇ ಇರುತ್ತದೆ. ಲೆಕ್ಕದಲ್ಲಿ ಮಾತ್ರ ಆಯಸ್ಸು ಮುಗಿದಿರುತ್ತದೆ.

ಹಳೇ ಬಲ್ಬಿನಲ್ಲಿ ತಂತಿ ಕಡಿದರೆ ಕತೆ ಮುಗಿಯಿತು. ಎಲ್‌ಇಡಿ ಹಾಗೆ ಹೋಗುವುದು ಕಡಿಮೆ, ಅದು ಮಂಕಾಗುತ್ತಾ ಬರುತ್ತದೆ. ನಿಧಾನವಾಗಿ ಇಳಿಯುವ ಬೆಳಕಿಗೆ ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ. ಕೆಟ್ಟ ತುಂಡು ಕತ್ತರಿಸಿ ಹೊಸದನ್ನು ಸೇರಿಸಿದಾಗಲೇ ಪಕ್ಕದ್ದು ಎಷ್ಟು ಮಂಕಾಗಿದೆ ಅಂತ ಗೊತ್ತಾಗುವುದು.

50,000 ಗಂಟೆ ಅಂದರೆ ಹಗಲು ರಾತ್ರಿ ಉರಿಸಿದರೂ ಐದೂವರೆ ವರ್ಷಕ್ಕಿಂತ ಜಾಸ್ತಿ. ಅಷ್ಟು ಕಾಲ ಉರಿಸಿ ನೋಡಿ ಯಾರೂ ಮಾಲು ಮಾರುವುದಿಲ್ಲ. ಎಲ್‌ಎಂ-80 ಅನ್ನುವ ಪರೀಕ್ಷೆಯಲ್ಲಿ ಎಲ್‌ಇಡಿಗಳನ್ನು 55 ಡಿಗ್ರಿ, 85 ಡಿಗ್ರಿಯಂಥ ಬಿಸಿಯಲ್ಲಿ ಕನಿಷ್ಠ 6,000 ಗಂಟೆ ಉರಿಸುತ್ತಾರೆ. ಬೆಳಕು ಇಳಿದ ಬಗೆ ನೋಡಿ, ಟಿಎಂ-21 ಅನ್ನುವ ಲೆಕ್ಕದಿಂದ ಮುಂದಿನದನ್ನು ಅಂದಾಜು ಮಾಡುತ್ತಾರೆ. ಆ ಅಂದಾಜು ಪರೀಕ್ಷೆ ನಡೆದ ಗಂಟೆಯ ಆರು ಪಟ್ಟು ದಾಟುವಂತಿಲ್ಲ. 6,000 ಗಂಟೆ ಪರೀಕ್ಷಿಸಿದವರು 36,000ದವರೆಗೆ ಹೇಳಬಹುದು, ಅಷ್ಟೇ. 50,000 ಅನ್ನಬೇಕಾದರೆ 8,300 ಗಂಟೆಗಿಂತ ಜಾಸ್ತಿ ಉರಿಸಿರಬೇಕು. ಇನ್ನೊಂದು ಮಾತು: ಈ ಪರೀಕ್ಷೆ ಬಿಡಿಬಿಡಿ ಎಲ್‌ಇಡಿಗೆ ಮಾತ್ರ. ಪಟ್ಟಿ, ಅಂಟು, ಬೆಸುಗೆ, ಡ್ರೈವರ್ (ಮನೆ ಕರೆಂಟನ್ನು ಸ್ಟ್ರಿಪ್ಪಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಸಾಧನ) ಯಾವುದೂ ಅದರಲ್ಲಿ ಸೇರಿಲ್ಲ.

ಬೆಳಕು ಯಾಕೆ ಇಳಿಯುತ್ತದೆ? ಮುಖ್ಯವಾಗಿ ಬಿಸಿಯಿಂದ. ಬಿಳಿ ಎಲ್‌ಇಡಿಯೊಳಗೆ ಇರುವುದು ನೀಲಿ ಬೆಳಕಿನ ಚಿಪ್. ಅದರ ಮೇಲೆ ಹಳದಿ ಫಾಸ್ಫರ್, ಅಂದರೆ ನೀಲಿ ಬೆಳಕಿನ ಒಂದು ಪಾಲನ್ನು ಹಳದಿಯಾಗಿಸುವ ಪುಡಿ, ಬೆರೆಸಿದ ಪಾರದರ್ಶಕ ಲೇಪ ಇರುತ್ತದೆ; ನೀಲಿ, ಹಳದಿ ಸೇರಿ ಬಿಳಿಯಾಗಿ ಕಾಣುತ್ತದೆ. ಬಿಸಿಗೆ ಚಿಪ್ ಸೊರಗುತ್ತದೆ, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದುಗಟ್ಟುತ್ತದೆ, ಲೇಪ ಕೆಡುತ್ತದೆ. ಬೆಳಕಿನ ಜೊತೆ ಬಣ್ಣವೂ ಬದಲಾಗುತ್ತದೆ. ಸೀರೆ ಅಂಗಡಿಯವರಿಗೆ ಇದು ಸಣ್ಣ ವಿಷಯವಲ್ಲ ಅಲ್ವಾ?

ದಾವಣಗೆರೆಯಂಥ ಊರಲ್ಲಿ ಏಪ್ರಿಲ್ ಬಿಸಿಲಿಗೆ ಆರ್‌ಸಿಸಿ ತಾರಸಿ ಕಾದಿರುತ್ತದೆ. ಅದರ ಕೆಳಗೆ ಪಿಒಪಿ ಸೀಲಿಂಗ್, ಸೀಲಿಂಗಿನ ಗೂಡಲ್ಲಿ ಸುಮ್ನೆ ಅಂಟಿಸಿದ ಸ್ಟ್ರಿಪ್. ಮೀಟರಿಗೆ 14.4 ವ್ಯಾಟಿನದಾದರೆ ಐದು ಮೀಟರ್ ರೀಲ್ ಅಂದರೆ 72 ವ್ಯಾಟ್. ಅದರಿಂದ ಏಳುವ ಬಿಸಿಯನ್ನು ಪಿಒಪಿ ಹೀರಿ ಸಾಗಿಸುವುದಿಲ್ಲ. ಅಲ್ಯೂಮಿನಿಯಂ ಪ್ರೊಫೈಲ್, ಅಂದರೆ ಸ್ಟ್ರಿಪ್ ಕೂರಿಸುವ ಉದ್ದನೆಯ ಲೋಹದ ತೊಟ್ಟಿ, ಸಾಗಿಸುತ್ತದೆ. ನನ್ನ ಕೇಳಿದರೆ, ಡಬ್ಬಿ ಮೇಲಿನ ಗಂಟೆಗಿಂತ ಸ್ಟ್ರಿಪ್ಪಿನ ಬೆನ್ನಿಗೆ ಅಲ್ಯೂಮಿನಿಯಂ ಇದೆಯಾ ಅನ್ನುವುದೇ ಮುಖ್ಯ. ಬಿಸಿಗೆ ಅಂಟು ಬಿಟ್ಟು ಪಟ್ಟಿ ಜೋತುಬಿದ್ದರೆ ಬಿಸಿ ಹೋಗುವ ದಾರಿಯೂ ತಪ್ಪುತ್ತದೆ.

ಎಷ್ಟೋ ಸಲ ಎಲ್‌ಇಡಿಗಿಂತ ಮೊದಲು ಡ್ರೈವರ್ ಹೋಗುತ್ತದೆ. ಅದರೊಳಗೆ ಕರೆಂಟಿನ ಏರಿಳಿತ ಸಮ ಮಾಡುವ ಕೆಪಾಸಿಟರ್ ಬಿಸಿಗೆ ಒಣಗುತ್ತದೆ, ಲೈಟ್ ಮಿಣುಕತೊಡಗುತ್ತದೆ. ಆಗ ಇಡೀ ಸ್ಟ್ರಿಪ್ ಕಿತ್ತು ಬಿಸಾಡುವ ಮೊದಲು ಬೇರೆ ಡ್ರೈವರ್ ಹಾಕಿ ನೋಡಿ. 12 ವೋಲ್ಟಿನ ಸ್ಟ್ರಿಪ್ಪಿನಲ್ಲಿ ಸಾಮಾನ್ಯವಾಗಿ ಮೂರು ಎಲ್‌ಇಡಿ ಒಂದೇ ಸಾಲಿಗೆ ಸೇರಿರುತ್ತವೆ. ಒಂದರ ಸಂಪರ್ಕ ಕಡಿದರೆ ಮೂರೂ ಆರುತ್ತವೆ. ಆ ತುಂಡನ್ನಷ್ಟೇ ಬದಲಿಸಬಹುದು.

ವಯಸ್ಸಾಗದೆಯೂ ಬೆಳಕು ಕಡಿಮೆ ಕಾಣಬಹುದು. ಬೆಣ್ಣೆದೋಸೆ ಹೋಟೆಲಿನಲ್ಲಿ ಒಲೆ ಹತ್ತಿರದ ಸ್ಟ್ರಿಪ್ ಮೇಲೆ ಎಣ್ಣೆ ಹೊಗೆ ಕೂತಿರುತ್ತದೆ. ಸ್ವಿಚ್ ಆಫ್ ಮಾಡಿ ಕವರ್ ಒರೆಸಿದರೆ ಎಷ್ಟೋ ಬೆಳಕು ವಾಪಸ್ ಬರುತ್ತದೆ. ಹಾಕಿಸಿದ ದಿನದಿಂದಲೇ ಸ್ಟ್ರಿಪ್ಪಿನ ಕೊನೆ ಭಾಗ ಮಂಕಾಗಿದ್ದರೆ ಅದು ವೋಲ್ಟೇಜ್ ಇಳಿತ, ಅಂದರೆ ಪಟ್ಟಿಯುದ್ದಕ್ಕೂ ಹೋಗುತ್ತಾ ವೋಲ್ಟೇಜ್ ಕಡಿಮೆಯಾಗುವುದು. ಎಲೆಕ್ಟ್ರಿಷಿಯನ್‌ಗೆ ಹೇಳಿ ಎರಡೂ ತುದಿಯಿಂದ ಕರೆಂಟ್ ಕೊಡಿಸಿದರೆ ಅದು ಸರಿಹೋಗುತ್ತದೆ.