ಸಿಪಾಯಿ ಉಳಿದ್ರೆ ಸಾಲದು, ಅಚ್ಚು ಉಳೀಬೇಕು

ಹೋದ ವರ್ಷ ಇಂಗ್ಲೆಂಡ್‌ನ ಒಂದು ವಾರ್‌ಗೇಮ್ ಶೋನಲ್ಲಿ, ಅಂದ್ರೆ ಪುಟ್ಟ ಸಿಪಾಯಿ ಬೊಂಬೆಗಳನ್ನ ನಿಲ್ಲಿಸಿ ಯುದ್ಧದಾಟ ಆಡೋರು ಸೇರೋ ಕಡೆ, ಹಳೇ ಸಾಮಾನು ಮಾರೋ ಟೇಬಲ್ ಮೇಲೆ ನಂಗೊಂದು ಬಿಸ್ಕೆಟ್ ಡಬ್ಬಿ ಸಿಕ್ತು. ಒಳಗೆ ನೆಪೋಲಿಯನ್ ಕಾಲದ ಬ್ರಿಟಿಷ್ ಕಾಲಾಳುಗಳ ಲೋಹದ ಬೊಂಬೆಗಳು, ನಲವತ್ತು ಚಿಲ್ರೆ, ಒಬ್ಬೊಬ್ಬನೂ ಬರೀ 20 ಮಿಲಿಮೀಟರ್ ಎತ್ತರ, ಮೈತುಂಬ ದಪ್ಪಗೆ ಎನಾಮೆಲ್ ಪೇಂಟು, ಅರ್ಧಕ್ಕರ್ಧ ಜನರ ಬಂದೂಕು ಮುರಿದಿದೆ, ಕೆಲವರ ಕಾಲ ಬುಡದಲ್ಲಿ ಬಿಳೀ ಪುಡಿ. ಮಾರ್ತಿದ್ದ ಹಿರಿಯರು ಇವು ನಮ್ಮಣ್ಣಂದು, ಅವನು ತೀರಿಕೊಂಡ, ಆಡೋರ ಕೈಗೆ ಹೋದ್ರೆ ಸಾಕು ಅಂದ್ರು. ಮನೆಗೆ ತಂದು ರಿಪೇರಿಗೆ ಕೂತ ಮೇಲೇ ಗೊತ್ತಾಗಿದ್ದು, ಪೂರ್ತಿ ಹಾಳಾದವರಿಗೆ ಬದಲಿ ತರೋಣ ಅಂದ್ರೆ ಇವರನ್ನ ಎರಕ ಹೊಯ್ಯೋ ಅಚ್ಚು ಈಗ ಎಲ್ಲೂ ಬಳಕೇಲಿಲ್ಲ ಅಂತ. ಅಂಗಡೀಲಿ ಹೊಸ ಸಿಪಾಯಿಗಳು ಬೇಕಾದಷ್ಟಿದಾರೆ, ಆದ್ರೆ ಅವರು ಇವರ ಪಕ್ಕ ನಿಂತ್ರೆ ಪೈಲ್ವಾನರ ಥರ ಕಾಣ್ತಾರೆ.

ಈ ಹವ್ಯಾಸದ ಬೇರು ಹುಡುಕ್ಕೊಂಡು ಹೋದ್ರೆ ನಮ್ಮ ಚದುರಂಗದ ಹತ್ರಾನೇ ಬಂದು ನಿಲ್ತೀವಿ. ಆನೆ, ಕುದುರೆ, ರಥ, ಕಾಲಾಳು ಪರ್ಷಿಯಾ, ಅರಬ್ ನಾಡು ದಾಟಿ ಯೂರೋಪಲ್ಲಿ ಚೆಸ್ ಆಯ್ತು, 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿದ್ದ ಹೆಲ್‌ವಿಗ್ ಅನ್ನೋರು ಅದೇ ಚೆಸ್ ಮಣೇನ ದೊಡ್ಡದು ಮಾಡಿ, ಚೌಕಗಳಿಗೆ ಬೆಟ್ಟ ನದಿ ಊರು ಅಂತ ಬಣ್ಣ ಕೊಟ್ಟು ಯುದ್ಧದಾಟ ಮಾಡಿದ್ರು, 1824ರಲ್ಲಿ ರೈಸ್‌ವಿಟ್ಜ್ ಅನ್ನೋ ಅಧಿಕಾರಿಯ ಕ್ರೀಗ್ಸ್‌ಶ್ಪೀಲ್ (ಜರ್ಮನ್‌ನಲ್ಲಿ ಯುದ್ಧದಾಟ ಅಂತ) ಪ್ರಷ್ಯಾ ಸೇನೆಯ ತರಬೇತಿಗೇ ಹೋಯ್ತು. ಆದ್ರೆ ಅಲ್ಲಿ ಇದ್ದಿದ್ದು ನಕ್ಷೆ ಮೇಲಿನ ಕೆಂಪು ನೀಲಿ ಬಿಲ್ಲೆಗಳು, ಸಿಪಾಯಿಗಳಲ್ಲ.

ಸಿಪಾಯಿಗಳು ಬಂದಿದ್ದು ಮಕ್ಕಳ ಆಟಿಕೆ ಕಡೆಯಿಂದ. ನ್ಯೂರೆಂಬರ್ಗ್‌ನಲ್ಲಿ ಸ್ಲೇಟ್ ಕಲ್ಲಲ್ಲಿ ಅಚ್ಚು ಕೆತ್ತಿ ತವರದ ಚಪ್ಪಟೆ ಸಿಪಾಯಿಗಳನ್ನ ಎರಕ ಹೊಯ್ತಿದ್ರು, 1839ರಲ್ಲಿ ಶುರುವಾದ ಹೈನ್‌ರಿಕ್‌ಸನ್ ಕಂಪನಿ ಅದ್ರಲ್ಲಿ ದೊಡ್ಡ ಹೆಸರು. ಡ್ರೆಸ್ಡನ್‌ನ ಹೈಡೆ ಕಂಪನಿ ಗುಂಡಗಿನ, ಗಟ್ಟಿ ಸಿಪಾಯಿಗಳನ್ನ ಲೋಕಕ್ಕೆಲ್ಲಾ ಕಳಿಸ್ತಿತ್ತು. 1893ರಲ್ಲಿ ಲಂಡನ್‌ನ ವಿಲಿಯಂ ಬ್ರಿಟನ್ ಕಂಪನಿಯೋರು ಒಂದು ಉಪಾಯ ಕಂಡ್ಕೊಂಡ್ರು, ಕರಗಿದ ಲೋಹ ಅಚ್ಚಿಗೆ ಹೊಯ್ದು, ಗೋಡೆಗೆ ಅಂಟಿದ ಪದರ ಗಟ್ಟಿಯಾಗ್ತಿದ್ದ ಹಾಗೇ ಮಿಕ್ಕಿದ್ದನ್ನ ವಾಪಸ್ ಸುರಿದುಬಿಡೋದು. ಒಳಗೆ ಟೊಳ್ಳು, ಲೋಹ ಉಳೀತು, ತೂಕ ಇಳೀತು, ಬೆಲೆ ಇಳೀತು, ಜರ್ಮನ್ ಕಂಪನಿಗಳಿಗೆ ಪೈಪೋಟಿ ಕೊಡೋದೇ ಕಷ್ಟ ಆಯ್ತು. ಈ ಸಿಪಾಯಿಗಳನ್ನೇ ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಫಿರಂಗಿಯಿಂದ ಮರದ ತುಂಡು ಹಾರಿಸಿ ಆಡೋ ಆಟಕ್ಕೆ ಎಚ್.ಜಿ. ವೆಲ್ಸ್ 1913ರಲ್ಲಿ ನಿಯಮಗಳ ಪುಸ್ತಕ ಬರೆದ್ರು. ಹೈಡೆ ಕಾರ್ಖಾನೆ 1945ರ ಡ್ರೆಸ್ಡನ್ ಬಾಂಬ್ ದಾಳೀಲಿ ನಾಶ ಆಯ್ತು. ಅವರು ಮಾಡಿದ ಸಿಪಾಯಿಗಳು ಸಂಗ್ರಾಹಕರ ಹತ್ರ ಇವತ್ತೂ ಇವೆ, ಆದ್ರೆ ಕಾರ್ಖಾನೇನೇ ಹೋದ ಮೇಲೆ ಹೊಸಬ ಹುಟ್ಟೋದೆಲ್ಲಿಂದ.

ಈಗ ನಾವು ವಿಂಟೇಜ್ ಅನ್ನೋದು ಮುಖ್ಯವಾಗಿ ಅದರ ನಂತರದ ಪೀಳಿಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾಕ್ ಸ್ಕ್ರೂಬಿ 1950ರ ದಶಕದಲ್ಲಿ ಆಟಕ್ಕಂತಲೇ ಚಿಕ್ಕ, ಅಗ್ಗದ ಸಿಪಾಯಿ ಎರಕ ಹೊಯ್ಯೋಕೆ ಶುರು ಮಾಡಿದ್ರು, 1957ರಲ್ಲಿ ಆಡೋರನ್ನ ಒಬ್ಬರಿಗೊಬ್ಬರು ಪರಿಚಯಿಸೋ ಪತ್ರಿಕೇನೂ ತಂದ್ರು. ಇಂಗ್ಲೆಂಡಲ್ಲಿ ಸೌತಾಂಪ್ಟನ್‌ನ ಡಾನ್ ಫೆದರ್‌ಸ್ಟೋನ್, ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್, 1962ರಲ್ಲಿ ಬರೆದ ಪುಸ್ತಕ ಓದಿ ಎಷ್ಟೋ ಹುಡುಗರು ಈ ಕಡೆ ತಿರುಗಿದ್ರು. ಅಷ್ಟೊತ್ತಿಗೆ ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಸಿಪಾಯಿಗಳು ಬಂದಿದ್ವು, 1959ರಿಂದ, ಡಬ್ಬಿಗಟ್ಲೆ, ಪಾಕೆಟ್ ಮನೀಗೆ ಸಿಗೋ ಹಾಗೆ. ಆದ್ರೆ ಆಗ ಅದರಲ್ಲಿ ಸಿಗ್ತಿದ್ದ ಕಾಲ, ಸೇನೆ ಬೆರಳೆಣಿಕೆಯಷ್ಟು. ನಿಂಗೆ ಪ್ರಷ್ಯಾ ಬೇಕು, ಆಸ್ಟ್ರಿಯಾ ಬೇಕು ಅಂದ್ರೆ ಯಾರಾದ್ರೂ ಲೋಹದಲ್ಲಿ ಮಾಡ್ಲೇಬೇಕಿತ್ತು. ಹಾಗೆ ಬಂದ ಕಂಪನಿಗಳೇ ಮಾರ್ಕಸ್ ಹಿಂಟನ್ ಅವರ ಹಿಂಟನ್ ಹಂಟ್, ಲೆಸ್ ಹಿಗಿನ್ಸ್, ಸೌತಾಂಪ್ಟನ್‌ನ ಮಿನಿಫಿಗ್ಸ್, ಯಾರ್ಕ್‌ಷೈರ್‌ನ ಹಿಂಚ್‌ಲಿಫ್. ಹಿಂಚ್‌ಲಿಫ್‌ಗೆ ಪೀಟರ್ ಗಿಲ್ಡರ್ ಕೆತ್ತಿದ ಸಿಪಾಯಿಗಳ ಮೈಯಲ್ಲಿ ಒಂದು ಓಟ ಇದೆ, ಅದು ನಂಗೆ ಇವತ್ತಿನ ಎಷ್ಟೋ ದುಬಾರಿ ಮಾಡೆಲ್‌ಗಳಲ್ಲೂ ಕಾಣಲ್ಲ. 1966ರ ಹೊತ್ತಿಗೆ ಬ್ರಿಟನ್ ಕಂಪನಿ ಸೀಸದ ಆಟಿಕೆ ಸಿಪಾಯಿ ನಿಲ್ಲಿಸ್ತು, ಮಕ್ಕಳ ಸುರಕ್ಷತೆ ದೃಷ್ಟೀಲಿ ಅದು ಸರಿನೇ, ಆದ್ರೆ ದೊಡ್ಡವರಿಗಂತ ಮಾಡೋ ಈ ಚಿಕ್ಕ ಕಂಪನಿಗಳು ನಡೀತಾನೇ ಇದ್ವು.

ಈಗ ಅಚ್ಚಿನ ವಿಷಯ, ಎಲ್ಲಾ ಗಂಟು ಇರೋದೇ ಇಲ್ಲಿ. ಮೊದಲು ಒಬ್ಬ ಕಲಾವಿದ ಒಂದೇ ಒಂದು ಮೂಲ ಸಿಪಾಯಿ ಮಾಡ್ತಾನೆ, ಅದಕ್ಕೆ ಮಾಸ್ಟರ್ ಅಂತಾರೆ. ರೊಟ್ಟಿ ಥರ ದುಂಡಗಿರೋ ಎರಡು ಹಸೀ ರಬ್ಬರ್ ಬಿಲ್ಲೆಗಳ ನಡುವೆ ಅದನ್ನಿಟ್ಟು ಪ್ರೆಸ್‌ನಲ್ಲಿ ಬಿಸಿ ಮಾಡಿ ಒತ್ತಿದ್ರೆ ರಬ್ಬರ್ ಬೆಂದು ಗಟ್ಟಿಯಾಗುತ್ತೆ. ಸಿಪಾಯಿಗಳ ಗುಳಿಗಳು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತ ಜೋಡಿಸಿರ್ತಾವೆ, ಅಚ್ಚನ್ನ ಮೆಷಿನ್ ಮೇಲೆ ಗಿರಗಿರ ತಿರುಗಿಸ್ತಾ ನಡುಮಧ್ಯದ ತೂತಿಗೆ ಕರಗಿದ ಲೋಹ ಹೊಯ್ದ್ರೆ, ತಿರುಗೋ ರಭಸಕ್ಕೆ ಅದು ಬಯೊನೆಟ್ ತುದಿವರೆಗೂ ನುಗ್ಗುತ್ತೆ. ಲೋಹ ಅಂದ್ರೆ ಸೀಸ, ತವರ, ಸ್ವಲ್ಪ ಆಂಟಿಮನಿ. ಸೀಸ ಒಂದೇ ಆದ್ರೆ 327 ಡಿಗ್ರೀಲಿ ಕರಗುತ್ತೆ, ತವರ 232ರಲ್ಲಿ, ಸರಿಯಾದ ಪಾಲಲ್ಲಿ ಎರಡನ್ನೂ ಬೆರೆಸಿದ್ರೆ 183ಕ್ಕೇ ನೀರಾಗುತ್ತೆ. ಊರಲ್ಲಿ ಕಲಾಯಿಯವರು ತವರ ಕರಗಿಸಿ ಪಾತ್ರೆಗೆ ಬಳಿಯೋದು ನೋಡಿದವರಿಗೆ ಆ ಬೆಳ್ಳಿ ಹೊಳಪು ಗೊತ್ತಿರುತ್ತೆ.

ಆದ್ರೆ ರಬ್ಬರ್ ಅಚ್ಚಿಗೂ ಆಯಸ್ಸಿದೆ. ಬಿಸಿ ಲೋಹ ಬಿದ್ದು ಬಿದ್ದು ಅಂಚು ಸುಟ್ಟು ಹರಿಯುತ್ತೆ, ಆಗ ಮಾಸ್ಟರ್‌ನಿಂದ ಹೊಸ ಅಚ್ಚು ಮಾಡ್ಬೇಕು. ಮಾಸ್ಟರ್ ಕಳೆದುಹೋಗಿದ್ರೆ? ಮಾರಾಟದ ಸಿಪಾಯಿಯಿಂದಾನೇ ಅಚ್ಚು ತೆಗೀಬಹುದು, ಆದ್ರೆ ಲೋಹ ತಣ್ಣಗಾಗುವಾಗ ಒಂಚೂರು ಕುಗ್ಗುತ್ತೆ, ಪ್ರತಿ ಪೀಳಿಗೇಲೂ ಸಿಪಾಯಿ ಸಣ್ಣ ಆಗ್ತಾ ಮೂಗು, ಗುಂಡಿ ಮಸುಕಾಗ್ತಾ ಹೋಗುತ್ತೆ. ಕದ್ದು ಮಾಡಿದ ನಕಲನ್ನ ಜಾಣರು ಪಕ್ಕದಲ್ಲಿಟ್ಟು ಅಳೆದು ಹಿಡಿಯೋದು ಹೀಗೇ. ಕಂಪನಿ ನಡೆಸ್ತಿದ್ದವರಿಗೆ ವಯಸ್ಸಾಗಿ, ಮುಂದೆ ನೋಡ್ಕೊಳ್ಳೋರು ಯಾರೂ ಇಲ್ಲದೆ, ಮಾಸ್ಟರ್‌ಗಳು ಗರಾಜಿನ ಡಬ್ಬೀಲಿ ಸೇರ್ಕೊಂಡ್ರೆ ಒಂದು ಇಡೀ ಸೇನೆ ಅಲ್ಲಿಗೆ ಮುಗೀತು. ಅದಕ್ಕೇ ಹಳೇ ರೇಂಜ್, ಅಂದ್ರೆ ಒಂದು ಕಂಪನಿಯ ಸಿಪಾಯಿಗಳ ಇಡೀ ಸರಣಿ, ಕೊಂಡ್ಕೊಂಡು ಮತ್ತೆ ಎರಕ ಹೊಯ್ಯೋ ಸಣ್ಣ ವ್ಯಾಪಾರಿಗಳ ಮೇಲೆ ನಂಗೆ ಅಷ್ಟು ಗೌರವ, ಲಾಭ ಹೆಚ್ಚೇನೂ ಇರಲ್ಲ ಅದ್ರಲ್ಲಿ. ಸ್ಪೆನ್ಸರ್ ಸ್ಮಿತ್ ಸಿಪಾಯಿಗಳನ್ನೇ ನೋಡಿ, ಮೊದಲು ಪ್ಲಾಸ್ಟಿಕ್‌ನಲ್ಲಿ ಬಂದವು, ಈಗ ಸಿಗೋದು ಲೋಹದಲ್ಲಿ. ಸ್ವೀಡನ್‌ನ ಹೋಲ್ಗರ್ ಎರಿಕ್‌ಸನ್ ಕೆತ್ತಿದ ಸಿಪಾಯಿಗಳ ಅಚ್ಚನ್ನೇ ಪ್ರಿನ್ಸ್ ಆಗಸ್ಟ್ ಕಂಪನಿ ಮನೇಲಿ ಎರಕ ಹೊಯ್ಯೋರಿಗೆ ಮಾರುತ್ತೆ, ಅಂದ್ರೆ ಅಚ್ಚು ಒಂದು ಕಡೆ ಅಲ್ಲ, ಎಷ್ಟೋ ಮನೆಗಳಲ್ಲಿ ಬದುಕಿದೆ. ಇದಕ್ಕಿಂತ ಒಳ್ಳೇ ದಾರಿ ನಂಗೆ ಗೊತ್ತಿಲ್ಲ.

ಡಬ್ಬೀಲಿದ್ದ ಬಿಳೀ ಪುಡಿಗೆ ಈ ಬಳಗದಲ್ಲಿ ಲೆಡ್ ರಾಟ್ ಅಂತಾರೆ. ಓಕ್ ಮರದ ಬೀರು, ಕೆಲವು ರಟ್ಟು, ಎಂಡಿಎಫ್ ಹಲಗೆ ಇವೆಲ್ಲ ಬಿಡೋ ಆಮ್ಲದ ಆವಿ ತಾಗಿ ಸೀಸ ನಿಧಾನಕ್ಕೆ ಕಾರ್ಬೊನೇಟ್ ಆಗಿ ಪುಡಿಯಾಗುತ್ತೆ. ನಮ್ಮ ಕಡೆಯವರು ಹಳೇ ಲೋಹ ಕಂಡ ತಕ್ಷಣ ಹುಣಸೆಹಣ್ಣು ಹುಡುಕ್ತಾರೆ, ದಯವಿಟ್ಟು ಬೇಡ, ಹುಳಿ ಸೀಸಕ್ಕೆ ಆಗಿಬರಲ್ಲ, ವಿನೆಗರ್ ಅಂತೂ ಮುಟ್ಟಿಸಲೇಬೇಡಿ. ಆ ಪುಡಿ ವಿಷ, ಒಣಗಿದ್ದಾಗ ಉಜ್ಜಬಾರದು, ಒದ್ದೆ ಮಾಡಿ ಗ್ಲೌಸ್ ಹಾಕ್ಕೊಂಡು ತೆಗೀಬೇಕು, ಮಕ್ಕಳನ್ನ ದೂರ ಇಡ್ಬೇಕು. ಪೇಂಟ್ ತೆಗೆಯೋಕೆ ಬ್ರಿಟನ್‌ನ ಹಳಬರು ಬಳಸೋದು ಡೆಟಾಲ್, ಒಂದು ದಿನ ನೆನೆಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಮೊದಲು ಡೆಟಾಲ್‌ನಲ್ಲೇ ಜಾಲಿಸ್ಬೇಕು, ನೇರ ನೀರಿಗೆ ಹಾಕಿದ್ರೆ ಪೇಂಟು ಅಂಟಂಟಾಗಿ ಮೆತ್ಕೊಳ್ಳುತ್ತೆ. ಮುರಿದ ಬಂದೂಕಿಗೆ ಸಣ್ಣ ಡ್ರಿಲ್ಲಲ್ಲಿ ತೂತು ಕೊರೆದು ತಂತಿ ಕೂರಿಸಿ ಸೂಪರ್‌ಗ್ಲೂ ಹಾಕ್ತೀನಿ.

ಪೇಂಟ್ ತೆಗೀಬೇಕಾ ಬೇಡ್ವಾ ಅನ್ನೋದ್ರ ಮೇಲೆ ದೊಡ್ಡ ಜಗಳಾನೇ ಇದೆ. ಅರವತ್ತು ವರ್ಷದ ಹಿಂದೆ ಯಾರೋ ರಾತ್ರಿ ಕೂತು ಬಳಿದ ಬಣ್ಣಾನೂ ಇತಿಹಾಸ ಅಂತ ಒಬ್ರು, ಸಿಪ್ಪೆ ಎದ್ದಿರೋದನ್ನ ಇಟ್ಕೊಂಡು ಏನ್ ಮಾಡ್ತೀರಿ ಅಂತ ಇನ್ನೊಬ್ರು. ಚೆನ್ನಾಗಿ ಬಳಿದಿದ್ರೆ, ಬಳಿದವರು ಯಾರಂತ ಗೊತ್ತಿದ್ರೆ ನಾನು ಮುಟ್ಟಲ್ಲ, ಒಂದು ಕೋಟ್ ವಾರ್ನಿಶ್ ಸಾಕು. ನನ್ನ ಡಬ್ಬಿಯವರಲ್ಲಿ ಇಪ್ಪತ್ತು ಜನರನ್ನ ಹಾಗೇ ಉಳಿಸ್ಕೊಂಡೆ, ಉಳಿದವರ ಬಣ್ಣ ತೆಗೆದೆ.

ಅವರನ್ನ 33ನೇ ರೆಜಿಮೆಂಟ್ ಮಾಡಿ, 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ರ ಸುಲ್ತಾನ್‌ಪೇಟೆ ತೋಪಲ್ಲಿ ಬ್ರಿಟಿಷ್ ಕರ್ನಲ್ ವೆಲ್ಲೆಸ್ಲಿ ದಾರಿ ತಪ್ಪಿ ಸೋತು ಹಿಂದೆ ಸರಿದ ಆ ಕಾಳಗ ಆಡ್ಬೇಕು ಅಂತ ಬಹಳ ಆಸೆ ಇತ್ತು. ಆದ್ರೆ ಇವರ ತಲೆ ಮೇಲಿರೋದು ಕೊಳವೆ ಥರದ ಶಾಕೋ ಟೋಪಿ, ಬ್ರಿಟಿಷ್ ಕಾಲಾಳುಗಳಿಗೆ ಅದು ಬಂದಿದ್ದೇ 1800ರಲ್ಲಿ. ಹಾಗಾಗಿ ಸ್ಪೇನ್‌ನ ಯುದ್ಧಕ್ಕೆ ಕಳಿಸಿದೀನಿ, 1812ರ ಆಟಕ್ಕೆ. ಸೀಸ ತಿಂದುಹೋಗಿ ನಿಲ್ಲೋಕಾಗದ ಏಳು ಜನರ ಜಾಗ ಸಾಲಲ್ಲಿ ಖಾಲಿ ಬಿಟ್ಟಿದೀನಿ, ಅವರ ಮಾಸ್ಟರ್ ಯಾರ ಹತ್ರ ಇರಬಹುದು ಅಂತ ಕಂಡಕಂಡ ಹಳಬರನ್ನೆಲ್ಲ ಕೇಳ್ತಾ ಇದೀನಿ.