ರಾಗಿಮುದ್ದೆಗೆ ಸೋಯಾ ಜೊತೆಯಾದರೆ

ಚಿಂತಾಮಣಿ, ಶ್ರೀನಿವಾಸಪುರದ ಕಡೆಯ ದಿನಸಿ ಅಂಗಡಿಗಳಲ್ಲಿ ಸೋಯಾ ಚಂಕ್ಸ್ ಪೊಟ್ಟಣಗಳು ಈಗ ಶಾಂಪೂ ಸ್ಯಾಶೆಗಳ ಪಕ್ಕದಲ್ಲೇ ತೂಗಾಡುತ್ತವೆ. ನೂರು ಗ್ರಾಂಗೆ ಐವತ್ತು ಗ್ರಾಂನಷ್ಟು ಪ್ರೊಟೀನ್ ಎಂಬ ಬರಹ ಅವುಗಳ ಮೇಲಿರುತ್ತದೆ. ಲೆಕ್ಕ ಸುಳ್ಳಲ್ಲ. ಸೋಯಾ ಕಾಳಿನಲ್ಲೇ ಶೇ 36ರಿಂದ 40ರಷ್ಟು ಪ್ರೊಟೀನ್ ಇದೆ. ಎಣ್ಣೆ ತೆಗೆದು ಉಳಿದ ಹಿಟ್ಟಿನಿಂದ ಚಂಕ್ಸ್ ತಯಾರಾಗುವುದರಿಂದ ಅದರಲ್ಲಿ ಪ್ರಮಾಣ ಇನ್ನೂ ಏರುತ್ತದೆ. ಹುರುಳಿ, ತೊಗರಿ, ಅವರೆ ಶೇ 20–25ರಲ್ಲೇ ನಿಲ್ಲುತ್ತವೆ. ರಾಗಿಯದು ಬರೀ 7.

ಆದರೆ ತೂಕವೊಂದನ್ನೇ ನೋಡಿದರೆ ಪ್ರೊಟೀನಿನ ಯೋಗ್ಯತೆ ತಿಳಿಯುವುದಿಲ್ಲ. ಪ್ರೊಟೀನ್ ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು; ಅವುಗಳಲ್ಲಿ ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದ ಒಂಬತ್ತು ಊಟದಿಂದಲೇ ಬರಬೇಕು. ಈ ಒಂಬತ್ತರಲ್ಲಿ ಯಾವುದೋ ಒಂದಕ್ಕೆ ಕೊರತೆಯಾದರೆ ಹೊಸ ಪ್ರೊಟೀನಿನ ಕೆಲಸ ಅಲ್ಲಿಗೇ ಕುಂಠಿತ. ಮಿಕ್ಕ ಎಂಟು ಹೇರಳವಾಗಿದ್ದರೂ ಉಪಯೋಗಕ್ಕೆ ಬಾರದ ಪಾಲು ಉರುವಲಾಗುತ್ತದೆ, ಅದರ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ.

ರಾಗಿಯಲ್ಲಿ ಮೊದಲು ಕೈಕೊಡುವುದು ಲೈಸಿನ್ ಎಂಬ ಅಮೈನೋ ಆಮ್ಲ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ 60 ಕೆ.ಜಿ. ತೂಕದ ವಯಸ್ಕರಿಗೆ ದಿನಕ್ಕೆ ಸುಮಾರು 1.8 ಗ್ರಾಂ ಲೈಸಿನ್ ಬೇಕು. 150 ಗ್ರಾಂ ಹಿಟ್ಟಿನ ಮುದ್ದೆಯಿಂದ ಸಿಗುವುದು ಅದರ ಆರನೆಯ ಒಂದು ಪಾಲು, ಅಂದರೆ 0.3 ಗ್ರಾಂ. ಅದೇ ಊಟಕ್ಕೆ 50 ಗ್ರಾಂ ಒಣ ಅವರೆಯ ಸಾರು ಸೇರಿದರೆ 0.7 ಗ್ರಾಂನಷ್ಟು ಬಂದು ಸೇರುತ್ತದೆ. ಅಷ್ಟೇ ತೂಕದ ಸೋಯಾ 1.1 ಗ್ರಾಂ ಕೊಡುತ್ತದೆ. ಅಂದರೆ ಸೋಯಾ ಮಾಡುವ ಕೆಲಸ ಅವರೆಗೂ ಗೊತ್ತು, ಹುರುಳಿಗೂ ಗೊತ್ತು. ಸೋಯಾ ಅದನ್ನು ಕಡಿಮೆ ಕಾಳಿನಲ್ಲಿ ಮುಗಿಸುತ್ತದೆ. ರಾಗಿ ಹೊಲದಲ್ಲೇ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವ ನಮ್ಮ ಬಯಲುಸೀಮೆಯವರಿಗೆ ಈ ಜೋಡಿ ಹೊಸದೇನಲ್ಲ. ಸೋಯಾ ಮಾತ್ರ ಹೊರಗಿನದು: ರಾಜ್ಯದಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವುದು ಬೀದರ್, ಬೆಳಗಾವಿ, ಧಾರವಾಡದ ಕಡೆ.

ಸೋಯಾದ ಸೊರಗಿದ ಭಾಗ ಗಂಧಕವಿರುವ ಅಮೈನೋ ಆಮ್ಲಗಳು, ಮೆಥಿಯೋನಿನ್ ಮತ್ತು ಸಿಸ್ಟೀನ್. ಅದರ ಎರಡು ಮುಖ್ಯ ಪ್ರೊಟೀನುಗಳಲ್ಲಿ ಗ್ಲೈಸಿನಿನ್ ಈ ವಿಷಯದಲ್ಲಿ ತಕ್ಕಮಟ್ಟಿಗೆ ಅನುಕೂಲಸ್ಥ, ಬೀಟಾ-ಕಾಂಗ್ಲೈಸಿನಿನ್ ಬಡವ. ಈ ಕೊರತೆಗಾಗಿ ಸೋಯಾ ಬಹುಕಾಲ ಅನ್ಯಾಯದ ಅಂಕ ಪಡೆಯಿತು. ಹಿಂದೆ ಪ್ರೊಟೀನಿನ ಗುಣವನ್ನು ಇಲಿಮರಿಗಳ ತೂಕ ಏರುವುದನ್ನು ನೋಡಿ ಅಳೆಯುತ್ತಿದ್ದರು. ಇಲಿಗೆ ಮೈತುಂಬಾ ರೋಮ; ರೋಮದ ಪ್ರೊಟೀನಾದ ಕೆರಟಿನ್‌ಗೆ ಗಂಧಕದ ಆಮ್ಲಗಳು ಧಾರಾಳವಾಗಿ ಬೇಕು. ಮನುಷ್ಯರಿಗೆ ಅಷ್ಟು ಬೇಡ. 1991ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ವರದಿ ಎಳೆಯ ಮಕ್ಕಳ ಅಗತ್ಯವನ್ನೂ ಜೀರ್ಣವಾಗುವ ಪಾಲನ್ನೂ ಸೇರಿಸಿ ಲೆಕ್ಕ ಹಾಕಲು ಸೂಚಿಸಿತು. ಶುದ್ಧೀಕರಿಸಿದ ಸೋಯಾ ಪ್ರೊಟೀನ್ ಆಗ ಹಾಲು, ಮೊಟ್ಟೆಗಳ ಹತ್ತಿರಕ್ಕೆ ಜಿಗಿಯಿತು. ಪ್ರತಿ ಅಮೈನೋ ಆಮ್ಲದ ಜೀರ್ಣವನ್ನೂ ಸಣ್ಣ ಕರುಳಿನ ಕೊನೆಯಲ್ಲಿ ಅಳೆಯುವ 2013ರ ವಿಧಾನದಲ್ಲಿ ಅದು ಮತ್ತೆ ಹಾಲಿಗಿಂತ ಕೆಳಗಿಳಿದಿದೆ. ಆದರೂ ಕಾಳುಗಳ ಪೈಕಿ ಮೇಲಿನ ಸಾಲು ಅದರದೇ. ರಾಗಿಯಲ್ಲಿ ಮೆಥಿಯೋನಿನ್ ಚೆನ್ನಾಗಿಯೇ ಇರುವುದರಿಂದ ಮುದ್ದೆಯ ಜೊತೆಗೆ ಈ ಕೊರತೆಯೂ ನೀಗುತ್ತದೆ.

ಬೇಯಿಸುವುದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ಹಸಿ ಸೋಯಾ ತಿಂದ ಇಲಿಗಳು ಬೆಳೆಯುವುದಿಲ್ಲ, ಬೇಯಿಸಿದ್ದನ್ನು ತಿಂದವು ಬೆಳೆಯುತ್ತವೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳಾದ ಆಸ್ಬಾರ್ನ್ ಮತ್ತು ಮೆಂಡೆಲ್ 1917ರಲ್ಲೇ ತೋರಿಸಿದ್ದರು. ಪ್ರೊಟೀನ್ ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಕಟ್ಟಿಹಾಕುವ ಪದಾರ್ಥ ಕಾಳಿನಲ್ಲಿದೆ. ರಾತ್ರಿಯಿಡೀ ನೆನೆಸಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದರೆ ಅದರ ಆಟ ಬಹುಮಟ್ಟಿಗೆ ಮುಗಿಯುತ್ತದೆ. ಹಾಗೆಂದು ರಾಗಿ ಮಾಲ್ಟಿಗೆ ಬೆರೆಸಲು ಸೋಯಾವನ್ನು ಕೆಂಪಗೆ ಹುರಿಯುವುದೂ ಸರಿಯಲ್ಲ. ಯಾವ ಲೈಸಿನ್‌ಗಾಗಿ ಸೋಯಾ ತಂದೆವೋ ಅದೇ ಸಕ್ಕರೆಯ ಅಂಶದೊಂದಿಗೆ ಬೆಸೆದುಕೊಂಡು ದೇಹಕ್ಕೆ ದಕ್ಕದಂತಾಗುತ್ತದೆ. ಮೊದಲು ಬೇಯಿಸಿ, ಒಣಗಿಸಿ, ಆಮೇಲೆ ಹದವಾಗಿ ಬೆಚ್ಚಗೆ ಮಾಡಿ ಬೀಸಿದರೆ ಸಾಕು.

ಇನ್ನು ಹಸಿಕಾಳಿನ ವಾಸನೆ. ನೆನೆದ ಕಾಳನ್ನು ತಣ್ಣೀರಿನಲ್ಲಿ ರುಬ್ಬಿದರೆ ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಎಣ್ಣೆಯ ಮೇಲೆ ಎರಗಿ ಆ ವಾಸನೆ ಹುಟ್ಟಿಸುತ್ತದೆ. ಕುದಿಯುವ ನೀರಿಗೇ ಕಾಳು ಸುರಿದರೆ ಕಿಣ್ವ ಮೊದಲೇ ಸಾಯುತ್ತದೆ. ಇಷ್ಟೆಲ್ಲ ಮಾಡಿದರೂ ಮಾರ್ಗಶಿರದ ಚಳಿಯಲ್ಲಿ ಹಿತಕಿದ ಬೇಳೆಯ ಸಾರಿಗೆ ಸೋಯಾ ಸಾಟಿಯಾದೀತೆಂದು ನಾನಂತೂ ಒಪ್ಪಲಾರೆ. ಅವರೆ ಮುಗಿದ ತಿಂಗಳುಗಳಲ್ಲಿ ಬಸ್ಸಾರಿಗೆ ಒಂದು ಹಿಡಿ ಬಿದ್ದರೆ ತಕರಾರಿಲ್ಲ.